ತುಂಬದ ಟ್ಯಾಂಕು

ತಮ್ಮ ತೀರಿಕೊಂಡು ತಿಂಗಳಾದ ಮೇಲೆ ಅಣ್ಣ ಬಂದು ಅವನ ಮನೆಯಲ್ಲಿ ಬಿಡಾರ ಹೂಡಿದ. ಮನೆಯನ್ನು ಬಾಡಿಗೆಗೆ ಕೊಟ್ಟು ತಮ್ಮನ ಹೆಂಡತಿಯನ್ನು ಊರಿಗೆ ಕರೆದೊಯ್ಯದೆ ತಾನು ಕದಲುವುದಿಲ್ಲ ಎಂದು ಮೊದಲ ದಿನವೇ ಹೇಳಿದ.

ಅವನನ್ನು ಸುಸ್ತು ಮಾಡಿದ್ದು ಪಾಯಿಖಾನೆಯ ಫ್ಲಶ್ ಟ್ಯಾಂಕು. ಒಮ್ಮೆ ಖಾಲಿಯಾದರೆ ಅದು ಹನಿಹನಿಯಾಗಿ ತುಂಬಲು ತಾಸುಗಟ್ಟಲೆ ಹಿಡಿಯುತ್ತಿತ್ತು. ಟ್ಯಾಂಕಿನದಿರಲಿ, ಪಾಯಿಖಾನೆಯ ಯಾವ ನಲ್ಲಿ ಮುಟ್ಟುವುದೂ ಅವನ ಮಡಿಗೆ ಒಗ್ಗದ ಮಾತು. ಬಚ್ಚಲಿನಿಂದ ಬಕೆಟ್ ಹೊತ್ತು ಹೊತ್ತು ಸೊಂಟ ಹಿಡಿಯಿತು.

"ಪ್ಲಂಬರನ್ನ ಕರೆಸೋಕೆ ನಿಂಗೇನು ರೋಗ?" ಎಂದು ರೇಗಿದ.

"ವರ್ಷ ತುಂಬೋವರೆಗೆ ಈ ಮನೇಲಿ ಯಾವ ಹೊಸ ಕೆಲಸಕ್ಕೂ ಕೈಹಾಕಬಾರದು ಅಂದ್ರಲ್ಲ, ಭಾವ."

"ಅದು ನೀನು ನೌಕರಿಗೆ ಹೋಗ್ತೀನಿ ಅಂದಿದ್ದಕ್ಕೆ ಹೇಳಿದ್ದು. ಕಕ್ಕಸ್ಸಿಗೂ ಅದಕ್ಕೂ ಏನು ಸಂಬಂಧ?"

"ಶಾಸ್ತ್ರ ನಂಗೇನು ಗೊತ್ತು? ತಿಳಿದೋರು ನೀವು."

"ನಾಲಿಗೆ ಉದ್ದ ಆಗಿದೆ ನಿಂಗೆ. ಈ ಹಾಳು ಮನೇಲಿ ಒಬ್ಬಳೇ ಬಿದ್ದಿರು" ಎಂದು ಅವನು ಚೀಲ ಎತ್ತಿಕೊಂಡು ಹೊರಟೇಬಿಟ್ಟ.

ಬೀಳ್ಕೊಡಲು ಅವಳು ಬಾಗಿಲಿಗೆ ಬರಲಿಲ್ಲ. ಹೊಸಿಲಾಚೆ ನಿಂತು ಸಿಟ್ಟಿನಿಂದ ಚಪ್ಪಲಿ ಮೆಟ್ಟುತ್ತಿದ್ದವನಿಗೆ, ಒಳಗೆ ಟ್ಯಾಂಕಿನ ನಲ್ಲಿ ಕಿರ್ರೆಂದು ತಿರುಗಿದ ಸದ್ದೂ, ಅದರ ಬೆನ್ನಿಗೇ ನೀರು ಭರ್ರೆಂದು ನುಗ್ಗಿದ ಸದ್ದೂ ಕೇಳಿಸಿದವು.