ಬೀಳ್ಕೊಡುಗೆಯ ಬನ್ನು

ಮ್ಯಾನೇಜರ್ ಸದಾನಂದಯ್ಯನವರ ನಿವೃತ್ತಿಯ ದಿನ ವನಮಾಲಾ ಬೆಳಗ್ಗೆಯೇ ಎದ್ದು ಆಫೀಸಿನ ಪಾರ್ಟಿಗೆ ಇಟಾಲಿಯನ್ ಸ್ಯಾಂಡ್‌ವಿಚ್ ಮಾಡಲು ನಿಂತಳು. ಒಂದಕ್ಕೊಂದು ಅಂಟಿಕೊಂಡಿದ್ದ ಪುಟ್ಟ ಬನ್ನುಗಳನ್ನು ಅಡ್ಡಡ್ಡ ಸೀಳಿ, ಟೊಮೆಟೊ ಸಾಸ್ ಸವರಿ, ದೊಣ್ಣೆಮೆಣಸಿನಕಾಯಿ, ಆಲಿವ್, ಚೀಸ್ ತುಂಬಿದಳು. ಮೇಲೆ ಬೆಳ್ಳುಳ್ಳಿ ಹಾಕಿದ ಬೆಣ್ಣೆ ಹಚ್ಚಿ ಓವನ್ನಿಗೆ ಇಟ್ಟಳು.

"ನಿನ್ನ ತಂಗಿ ಮದುವೆಗೂ ರಜೆ ಕೊಡದ ಮನುಷ್ಯನಿಗೆ ಇಷ್ಟೊಂದು ಚೀಸಾ?" ಎಂದ ಗಂಡ.

"ಅವರಿಗಲ್ಲ ರೀ, ಅವರು ಹೋಗ್ತಿರೋದಕ್ಕೆ!"

ಮಧ್ಯಾಹ್ನ ಆಫೀಸಿನಲ್ಲಿ ಹಬ್ಬವೋ ಹಬ್ಬ. ಸದಾನಂದಯ್ಯನವರಿಂದ ಬೈಸಿಕೊಳ್ಳದವರು ಅಲ್ಲಿ ಒಬ್ಬರೂ ಇರಲಿಲ್ಲ. ಎಲ್ಲರೂ ನಗುನಗುತ್ತಾ ಹಾರ ಹಾಕಿದರು. ಮಾತೇ ಆಡದ ಕ್ಯಾಷಿಯರ್ ಎರಡು ಹಾಡು ಹಾಡಿದ. ಸದಾನಂದಯ್ಯ ಮತ್ತೆ ಬಿಸಿ ಮಾಡಿದ ಬನ್ನನ್ನು ಕಚ್ಚಿದಾಗ ಚೀಸು ಎಳೆ ಎಳೆಯಾಗಿ ಮೀಸೆಗೆ ಅಂಟಿತು. ಇನ್ನೊಂದು ತಿಂದರು. ಅವರ ಕಣ್ಣು ತುಂಬಿ ಬಂತು. ಮೊಬೈಲ್ ಹಿಡಿದು ಸರಸರನೆ ಹೊರಗೆ ಹೋದರು.

"ನಮ್ಮೆದುರಿಗೆ ಅಳೋಕೆ ನಾಚಿಕೆ, ಪಾಪ" ಎಂದ ಕ್ಯಾಷಿಯರ್.

ವನಮಾಲಾಗೂ ಅಯ್ಯೋ ಅನ್ನಿಸಿತು. ಅವರು ಮರಳಿ ಬಂದಾಗ ತಾನೇ ಮತ್ತೊಂದು ಬನ್ನು ಬಡಿಸಿದಳು.

"ಇಲ್ಲಿ ನಾನು ಯಾರಿಗೂ ಬೇಡ ಅಂದ್ಕೊಂಡಿದ್ದೆ ಕಣಮ್ಮ" ಎಂದರು ಅವರು. "ಅದಕ್ಕೇ ಹೆಡ್ಡಾಫೀಸಿನೋರು ಇನ್ನೆರಡು ವರ್ಷ ಇರಿ ಅಂತ ಎಷ್ಟು ಕೇಳಿದ್ರೂ ಒಪ್ಪಿರಲಿಲ್ಲ."

"ಹೌದಾ ಸಾರ್?"

"ಹ್ಞೂಂ. ಈಗ ಫೋನ್ ಮಾಡಿ ಒಪ್ಕೊಂಡೆ."