ಗೋಡೆ ಪಕ್ಕದ ‘ಅಂತೆ’

ತಾಂಬೂಲದ ತಟ್ಟೆಯನ್ನು ಅರ್ಧ ಚಾಚಿದ್ದ ಹೆಣ್ಣಿನ ತಂದೆ ನರಸಿಂಹಯ್ಯ ಕೈ ತಡೆದು, ಹುಡುಗನ ಪಕ್ಕದ ಮನೆಯ ಶಶಿರೇಖಾಳ ಕಡೆ ತಿರುಗಿದರು. “ಮಗಳನ್ನ ಕೊಡ್ತಿದೀವಿ ಕಣಮ್ಮ. ನೀನೇ ಹೇಳು, ಹುಡುಗ ಹೆಂಗೆ?”

ನಲವತ್ತರ ಹೊಸ್ತಿಲಲ್ಲಿ ಕೊನೆಗೂ ಹೆಣ್ಣು ಕುದುರಿದ ಹಿಗ್ಗಿನಲ್ಲಿ ಕೆಂಪರಾಜು ಬಾಯಿ ಹಾಕಿದ. “ಕೇಳಿ ಕೇಳಿ! ಕಾಲೇಜಲ್ಲಿ ತರ್ಕಶಾಸ್ತ್ರ ಹೇಳ್ಕೊಡ್ತಾಳೆ, ಪ್ರತಿ ಮಾತೂ ತೂಗಿ ಆಡೋಳು. ಸುಳ್ಳು ಅನ್ನೋದು ಇವಳ ಬಾಯಲ್ಲಿ ಬರೋದೇ ಇಲ್ಲ. ಹುಟ್ಟಿದಾಗಿಂದ ನಮ್ಮಿಬ್ರ ಮನೆಗೂ ಒಂದೇ ಗೋಡೆ!”

ಶಶಿರೇಖಾಗೆ ಒಳಗೊಳಗೇ ನಗು ಬಂತು. ಸಾಕ್ಷಿಯ ಮಾತಿಗೆ ಎಷ್ಟು ಬೆಲೆ ಎಂಬುದನ್ನು ಅವನೇ ಸ್ಥಾಪಿಸಿಬಿಟ್ಟಿದ್ದ. ಅವನು ಕುಡಿಯುವವನಲ್ಲ, ಜಗಳಗಂಟನೂ ಅಲ್ಲ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಕಣ್ಣಾರೆ ಕಂಡದ್ದರ ತೂಕವೇ ಬೇರೆ, ಯಾರೋ ಹೇಳಿ ಕೇಳಿದ್ದರ ತೂಕವೇ ಬೇರೆ ಎಂದು ದಿನವೂ ಪಾಠ ಮಾಡುವವಳಿಗೆ ಸುಳ್ಳಿನ ಹಂಗೇಕೆ?

“ಒಳ್ಳೇವ್ನಂತೆ,” ಎಂದಳು.

ತಟ್ಟೆ ಮೆಲ್ಲಗೆ ನರಸಿಂಹಯ್ಯನವರ ಮಡಿಲಿಗೆ ಮರಳಿತು. “ಮನೇಲಿ ಒಂದ್ಸಲ ಮಾತಾಡ್ಕೊಂಡು ಹೇಳ್ತೀವಿ,” ಎಂದು ತಮ್ಮವರನ್ನೆಲ್ಲ ಕರೆದುಕೊಂಡು ಹೊರಟೇಬಿಟ್ಟರು.

ಕೆಂಪರಾಜು ಶಶಿರೇಖಾಳ ಕಡೆ ತಿರುಗಿದ. “ಗೋಡೆ ಪಕ್ಕದಲ್ಲೇ ಇದ್ಕೊಂಡು ‘ಅಂತೆ’ ಅಂದ್ರೆ ಏನೇ ಅರ್ಥ?”

“ಅರ್ಥ ನಿಂಗೇ ಗೊತ್ತಿರ್ಬೇಕು. ನಲ್ಲೂರಿನೋರು ನನ್ನ ನೋಡೋಕೆ ಬಂದಾಗ ‘ಒಳ್ಳೇವ್ಳಂತೆ’ ಅಂದಿದ್ದೋನು ನೀನೇ. ಅವತ್ತೂ ಇದೇ ಗೋಡೆ ಇತ್ತು.”