ನೋಡದ ಕುರಿಗಳು

"ಇದನ್ನ ಇಲ್ಲಿಗೆ ತರೋಕೆ ಹೇಳಿದ್ದು ಯಾರು?" ಪಶು ಆಸ್ಪತ್ರೆಯ ಡಾಕ್ಟರು ಮೂಗಿಗೆ ಕರವಸ್ತ್ರ ಒತ್ತಿಕೊಂಡು ಕೇಳಿದರು. ಅವರ ಮೇಜಿನ ಪಕ್ಕದಲ್ಲಿ ಲಸಿಕೆಯ ಐಸ್ ಪೆಟ್ಟಿಗೆ. ಅದರೊಳಗೆ ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಸುತ್ತಿದ್ದ ಕುರಿಯ ತಲೆ. ಹೊತ್ತು ತಂದ ಮುದುಕಿ ಕುರ್ಚಿ ಬಿಟ್ಟು ನೆಲದ ಮೇಲೆ ಕೂತಿದ್ದಳು.

"ನಾನು, ಸಾರ್," ಎಂದಳು ಸಹಾಯಕಿ. ದನಿ ಅವಳಿಗೇ ಸರಿಯಾಗಿ ಕೇಳಿಸಲಿಲ್ಲ.

"ಮಿದುಳಿನ ರೋಗ ಅಂತ ನೀನೇ ತೀರ್ಮಾನ ಮಾಡಿಬಿಟ್ಟೆಯಾ? ದೊಡ್ಡ ಡಾಕ್ಟರಮ್ಮ!"

"ತೀರ್ಮಾನ ಮಾಡಿಲ್ಲ ಸಾರ್. ಮೂರು ದಿನ ನೋಡಿದೆ. ಗೋಡೆಗೆ ಮೈ ಉಜ್ಜಿ ಉಜ್ಜಿ ಉಣ್ಣೆಯೆಲ್ಲ ಕಿತ್ತುಹೋಗಿತ್ತು, ಹಿಂಗಾಲು ತಡವರಿಸ್ತಿತ್ತು. ಬರೀ ತಲೆಯೊಳಗಿನ ಹುಳುವೂ ಇದ್ದಿರಬಹುದು. ನನ್ನ ಅನುಮಾನವೇ ತಪ್ಪಿರಬಹುದು. ಅದಕ್ಕೇ ಲ್ಯಾಬಿಗೆ..."

"ಕಟುಕ ಮೊನ್ನೆನೇ ಹಗ್ಗ ಹಿಡ್ಕೊಂಡು ನಿಂತಿದ್ದ," ಮುದುಕಿ ನಡುವೆ ಬಾಯಿ ಹಾಕಿದಳು. "ಈ ಹುಡುಗಿ ಬೇಡ ಅಂದ್ಲು ಅಂತ ಕೊಡಲಿಲ್ಲ. ರಾತ್ರಿ ಅದೇ ಸತ್ತೋಯ್ತು. ಇನ್ನೂ ನಲವತ್ತು ಇದಾವೆ ಸ್ವಾಮಿ. ಅವಕ್ಕೂ ಇದೇ ಬರುತ್ತಾ, ಇಲ್ವಾ? ಅಷ್ಟು ಹೇಳಿ ಸಾಕು."

"ಏನೂ ಬರಲ್ಲ, ಹೋಗಜ್ಜಿ." ಡಾಕ್ಟರು ತಿಂಗಳ ವರದಿಯ ಫಾರಂ ಅನ್ನು ಸಹಾಯಕಿಯ ಕಡೆ ತಳ್ಳಿದರು. "'ಇದೆ' ಅಂತ ವರದಿ ಹೋದರೆ ನಾಳೆನೇ ಕುರಿ ಸಂತೆಗೆ ಬೀಗ. ಮೇಲಿನವರು ನನ್ನ ಕುತ್ತಿಗೆ ಹಿಡೀತಾರೆ. ಬರೆದಿರೋದು ಹಾಗೇ ಇರಲಿ, ಸಹಿ ಹಾಕು."

ಬರೆದಾಗಿತ್ತು, ನಿಜ. 'ನರರೋಗದ ಲಕ್ಷಣ: ಇದೆ / ಇಲ್ಲ' ಎಂಬ ಎರಡು ಕಾಲಂಗಳಲ್ಲಿ, ತಿಂಗಳ ಮೊದಲ ವಾರವೇ, ಹದಿನಾಲ್ಕು ಹಳ್ಳಿಗಳಿಗೂ 'ಇಲ್ಲ' ಎಂದು ಅವಳೇ ತುಂಬಿಟ್ಟಿದ್ದಳು. ಮುದುಕಿಯ ಹಳ್ಳಿಗೂ. ಕಳೆದ ಹನ್ನೊಂದು ತಿಂಗಳೂ ಹೀಗೆಯೇ, ಈ ಫ್ಯಾನಿನ ಕೆಳಗೆ ಕೂತು, ಒಂದು ಮಂದೆಯನ್ನೂ ನೋಡದೆ. ಅಕ್ಷರ ಮಾತ್ರ ದುಂಡಗಿತ್ತು.

ಅವಳು ಸ್ಕೇಲ್ ತೆಗೆದುಕೊಂಡಳು. ಮೊದಲ ಗೀಟು ಸೊಟ್ಟಗಾಯಿತು. ಪಕ್ಕದಲ್ಲೇ ಇನ್ನೊಂದು ಎಳೆದಳು. ಹೊಸ ಕಾಲಂನ ತಲೆಗೆ 'ನೋಡಿಲ್ಲ' ಎಂದು ಬರೆದು, ಹದಿಮೂರು ಹಳ್ಳಿಗಳ 'ಇಲ್ಲ' ಹೊಡೆದು ಅಲ್ಲಿ ಗುರುತು ಹಾಕಿದಳು. ಮುದುಕಿಯ ಹಳ್ಳಿಯ ಮುಂದೆ, 'ಅನುಮಾನ. ತಲೆ ಲ್ಯಾಬಿಗೆ ಕಳಿಸುತ್ತಿದ್ದೇನೆ.'

"ಸರ್ಕಾರಿ ಫಾರಂ ಮೇಲೆ ಗೀಟು ಹಾಕೋಕೆ ನೀನ್ಯಾರು? ನಾನು ಸಹಿ ಹಾಕಲ್ಲ."

"ಬೇಡ ಸಾರ್. ನನ್ನದು ಇರುತ್ತೆ."

"ಕೆಲಸ ಹೋಗುತ್ತೆ ಕಣಮ್ಮ!"

"ಹೋಗೋದಾದ್ರೆ, ಕುರಿ ನೋಡದೆ ಬರೆದ ದಿನಾನೇ ಹೋಗಬೇಕಿತ್ತು ಸಾರ್." ಈ ಸಲ ದನಿ ಅವಳಿಗೂ ಕೇಳಿಸಿತು.

ಮುದುಕಿ ಎದ್ದು ಪೆಟ್ಟಿಗೆಯನ್ನು ತಲೆಗೇರಿಸಿಕೊಂಡಳು. "ಲ್ಯಾಬಿನ ಕಡೆ ಬಸ್ಸು ಎಷ್ಟೊತ್ತಿಗಮ್ಮ?"

"ಇನ್ನೂ ಅರ್ಧ ಗಂಟೆ ಇದೆ ಅಜ್ಜಿ, ಇಳಿಸಿ. ನಾನೂ ಬರ್ತೀನಿ," ಎಂದ ಸಹಾಯಕಿ ಬೀರು ತೆರೆದು, ಹಿಂದಿನ ಹನ್ನೊಂದು ತಿಂಗಳ ವರದಿಗಳನ್ನು ಹೊರಗೆಳೆದಳು. ಮೊದಲನೆಯದರ ಮೇಲೆ ಸ್ಕೇಲ್ ಇಟ್ಟಳು.